ನಗರ ನುಂಗಿದ ಊರುಗಳ ಚರಿತ್ರೆ ಚರ್ಚಿನ ದಫ್ತರದಲ್ಲಿದೆ

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2007ರಲ್ಲಿ ರಚನೆಯಾದಾಗ ಏಳು ನಗರಸಭೆಗಳು ಮತ್ತು ಒಂದು ಪುರಸಭೆಯ ಜತೆಗೆ 110 ಹಳ್ಳಿಗಳು ನಗರದೊಳಕ್ಕೆ ಬಂದವು. ಆ ಹಳ್ಳಿಗಳ ಹೊಲ, ಕೆರೆ, ಗೋಮಾಳಗಳ ಲೆಕ್ಕ ಕಂದಾಯ ಇಲಾಖೆಯ ಪಹಣಿಗಳಲ್ಲಿ ಅಷ್ಟೋ ಇಷ್ಟೋ ಉಳಿದಿದೆ. ಅಲ್ಲಿ ಬದುಕಿದ್ದ ಸಾಮಾನ್ಯ ಜನರ ಲೆಕ್ಕ ಎಲ್ಲಿದೆ ಎಂದು ಹುಡುಕಹೊರಟರೆ ಕೈಗೆ ಸಿಗುವುದು ಬಹಳ ಕಡಿಮೆ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಹಿಂದಿನ ನೂರು, ನೂರೈವತ್ತು ವರ್ಷಗಳಲ್ಲಿ ಯಾರು ಹುಟ್ಟಿದರು, ಯಾರು ಯಾರನ್ನು ಮದುವೆಯಾದರು, ಯಾವ ವಯಸ್ಸಿನಲ್ಲಿ ಸತ್ತರು ಎಂಬುದನ್ನು ಹೆಸರು ಹಿಡಿದು ಬರೆದಿಟ್ಟ ಕೆಲವೇ ಜಾಗಗಳಲ್ಲಿ ಕಥೋಲಿಕ ಚರ್ಚುಗಳ ದಫ್ತರ ಒಂದು. ಬೆಂಗಳೂರಿನ ಸುತ್ತಲ ಹಳೆಯ ಧರ್ಮಕೇಂದ್ರಗಳಿಗೆ (ಪ್ಯಾರಿಷ್‌ಗಳಿಗೆ) ಒಂದೊಂದಾಗಿ ಹೋಗಿ, ಅಲ್ಲಿನ ಕಟ್ಟಡ, ಸಮಾಧಿ, ಪುಸ್ತಕ, ನೆನಪುಗಳನ್ನು ದಾಖಲಿಸುವ ಕೆಲಸ ಈಗಲೇ ಆಗಬೇಕು. ಅದನ್ನು ಒಂದು ಸಮುದಾಯದ ಮನೆಯೊಳಗಿನ ಕೆಲಸವೆಂದು ಬಿಡದೆ, ಕನ್ನಡನಾಡಿನ ಸ್ಥಳೀಯ ಚರಿತ್ರೆಯ ಕೆಲಸವೆಂದು ಎಲ್ಲರೂ ಕೈಹಚ್ಚಬೇಕು ಎಂಬುದು ನನ್ನ ವಾದ.

ಈ ಧರ್ಮಕೇಂದ್ರಗಳು ಎಷ್ಟು ಹಳೆಯವು ಎಂಬುದು ಹೆಚ್ಚಿನ ಓದುಗರಿಗೆ ಗೊತ್ತಿಲ್ಲ. ಬೆಂಗಳೂರಿನ ಕ್ರೈಸ್ತರೆಂದರೆ ದಂಡು ಪ್ರದೇಶ, ಇಂಗ್ಲಿಷ್ ಶಾಲೆ, ಬ್ರಿಟಿಷರ ಬಳುವಳಿ ಎಂಬ ಚಿತ್ರ ನಮ್ಮಲ್ಲಿ ಬೇರೂರಿಬಿಟ್ಟಿದೆ. ಬ್ರಿಟಿಷರು ಶ್ರೀರಂಗಪಟ್ಟಣವನ್ನು ಹಿಡಿದದ್ದು 1799ರಲ್ಲಿ. ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಅದಕ್ಕೂ ಒಂದೂವರೆ ಶತಮಾನ ಮುಂಚೆ, 1640ರ ದಶಕದ ಕೊನೆಗೆ, ಮೈಸೂರು ಅರಸರ ಸೀಮೆಗೆ ಬಂದು ಕನ್ನಡ ಕಲಿತು, ಕನ್ನಡದ ವ್ಯಾಕರಣ ಮತ್ತು ಧರ್ಮೋಪದೇಶದ ಗ್ರಂಥ ಬರೆದಿದ್ದ. 1773ರಲ್ಲಿ ಪೋಪ್ ಜೆಸ್ವಿಟ್ ಸಂಘವನ್ನೇ ವಿಸರ್ಜಿಸಿದ ಮೇಲೆ ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಫ್ರೆಂಚ್ ಪಾದ್ರಿಗಳು ಈ ಸೀಮೆಯ ಹೊಣೆ ಹೊತ್ತರು. ಗಂಜಾಂ, ಪಾಲಹಳ್ಳಿಗಳಲ್ಲಿ ಓಡಾಡಿಕೊಂಡು, ಸಿಡುಬಿನ ಲಸಿಕೆ ಹಾಕಿಸಿ, ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಹೆಸರಾಂತ ಪುಸ್ತಕ ಬರೆದ ಅಬೆ ದ್ಯುಬುವಾ ಇವರಲ್ಲೊಬ್ಬ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾ ಇರುವ ಜಾಗದಲ್ಲಿ 1818ರಲ್ಲಿ ಸಣ್ಣದೊಂದು ಗುಡಿ ಎಬ್ಬಿಸಿದವನೂ ಅವನೇ. ಮೈಸೂರು ಧರ್ಮಕ್ಷೇತ್ರ ಆದದ್ದು 1886ರಲ್ಲಿ, ಅದರಿಂದ ಬೆಂಗಳೂರು ಬೇರೆಯಾದದ್ದು 1940ರಲ್ಲಿ, ಬೆಂಗಳೂರು ಮಹಾಧರ್ಮಕ್ಷೇತ್ರವಾದದ್ದು 1953ರಲ್ಲಿ. ಈ ಇಸವಿಗಳು ಯಾವ ಕೈಪಿಡಿಯಲ್ಲಾದರೂ ಸಿಗುತ್ತವೆ. ಊರಂಚಿನ ಕನ್ನಡ ಕಥೋಲಿಕ ರೈತರು, ಕೂಲಿಗಳು, ಉಪದೇಶಿಗಳು, ಸೂಲಗಿತ್ತಿಯರು ಯಾರೆಂಬುದು ಆ ಕೈಪಿಡಿಗಳಲ್ಲಿ ಇಲ್ಲ.

ಊರಂಚಿನ ದಫ್ತರಗಳ ಬೆಲೆ ಏನೆಂದು ತಿಳಿಯಲು ಎರಡು ಊರುಗಳ ಹೆಸರು ಸಾಕು: ಹೆಸರಘಟ್ಟ ರಸ್ತೆಯ ಸಿಲ್ವೆಪುರ ಮತ್ತು ಕನಕಪುರದ ಕಡೆಯ ಮರಿಯಾಪುರ. ಇವು ಕ್ಷಾಮ ಹುಟ್ಟಿಸಿದ ಊರುಗಳು. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ಕರೆಯುತ್ತಿದ್ದ 1876ರಿಂದ 1878ರವರೆಗಿನ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನು ಬರಿದು ಮಾಡಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನು ಬೇರೆ ಬೇರೆ ಮಿಷನ್ನುಗಳು ಅನಾಥಾಲಯಗಳಿಗೆ ಸೇರಿಸಿಕೊಂಡವು. ಅವರು ದೊಡ್ಡವರಾದ ಮೇಲೆ ಬೇಸಾಯ ಮಾಡಿ ಬದುಕಲೆಂದು ಫ್ರೆಂಚ್ ಪಾದ್ರಿಗಳು ಜಮೀನು ಹೊಂದಿಸಿ ಹೊಸ ಊರುಗಳನ್ನು ಕಟ್ಟಿದರು. ಬಿ. ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರ್ ಇದನ್ನು ಒಂದೆರಡು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಒಂಬತ್ತು ಲಕ್ಷದಷ್ಟು ಜನ ಇಲ್ಲವಾದ ದುರಂತದಲ್ಲಿ ಬದುಕಿ ಉಳಿದ ಮಕ್ಕಳು ಯಾವ ತಾಲ್ಲೂಕಿನಿಂದ ಬಂದರು, ಎಷ್ಟು ವಯಸ್ಸಿನವರು, ಅಣ್ಣ ತಂಗಿ ಒಟ್ಟಿಗೆ ಉಳಿದರೇ, ಬೆಳೆದ ಮೇಲೆ ಯಾರನ್ನು ಮದುವೆಯಾದರು, ಅವರ ಮಕ್ಕಳಲ್ಲಿ ಎಷ್ಟು ಬದುಕಿದವು? ಸರ್ಕಾರದ ಕ್ಷಾಮ ವರದಿಗಳಲ್ಲಿ ಇಂಥ ಪ್ರಶ್ನೆಗಳಿಗೆ ಜಾಗವೇ ಇಲ್ಲ. ಅಲ್ಲಿರುವುದು ಗಂಜಿ ಕೇಂದ್ರಗಳ ಲೆಕ್ಕ, ಖರ್ಚಿನ ಲೆಕ್ಕ, ಹೆಣಗಳ ಲೆಕ್ಕ. ಒಬ್ಬೊಬ್ಬರ ಹೆಸರು ಎಲ್ಲಾದರೂ ಉಳಿದಿದ್ದರೆ ಅದು ಚರ್ಚಿನ ಜ್ಞಾನಸ್ನಾನದ (ಬ್ಯಾಪ್ಟಿಸಮ್ಮಿನ) ಪುಸ್ತಕದಲ್ಲಿ. ಈಗ ಅದೇ ಹೆಸರಘಟ್ಟ ರಸ್ತೆಯ ಉದ್ದಕ್ಕೂ ಬಡಾವಣೆಗಳು ಎದ್ದಿವೆ. ಅಲ್ಲಿ ನಿವೇಶನ ಕೊಂಡವರಿಗೆ ತಾವು ಇರುವುದು ಬರದಿಂದ ಹುಟ್ಟಿದ ಊರಿನ ಪಕ್ಕದಲ್ಲಿ ಎಂದು ತಿಳಿಸಲು ಒಂದು ಕಲ್ಲೂ ಇಲ್ಲವಾದರೆ ಅದು ನಮ್ಮೆಲ್ಲರ ನಷ್ಟ.

ಆ ಪುಸ್ತಕಗಳಲ್ಲಿ ಏನಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ವಾದ ನಿಂತಿರುವುದು ಅದರ ಮೇಲೆ. ಜ್ಞಾನಸ್ನಾನ ಮತ್ತು ಮದುವೆಗಳನ್ನು ಬರೆದಿಡಬೇಕೆಂದು ಕಥೋಲಿಕ ಧರ್ಮಸಭೆ ತನ್ನ ಗುರುಗಳಿಗೆ ಕಟ್ಟುಮಾಡಿದ್ದು 1563ರಲ್ಲಿ, ಟ್ರೆಂಟ್ ಸಮ್ಮೇಳನದ ಕೊನೆಯ ವರ್ಷ. ಸಾವಿನ ಪುಸ್ತಕ ಅದರ ಅರ್ಧ ಶತಮಾನದ ನಂತರ ಸೇರಿತು. ಈಗ ಜಾರಿಯಲ್ಲಿರುವ 1983ರ ಧರ್ಮಸಂಹಿತೆಯ 535ನೇ ವಿಧಿಯೂ ಇದನ್ನೇ ಹೇಳುತ್ತದೆ. ಜ್ಞಾನಸ್ನಾನದ ಒಂದು ನಮೂದಿನಲ್ಲಿ ದಿನಾಂಕ, ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನತಂದೆ ಮತ್ತು ಜ್ಞಾನತಾಯಿಯರ ಹೆಸರು, ಗುರುವಿನ ಸಹಿ ಇರುತ್ತವೆ. ಆ ಮಗು ದೊಡ್ಡದಾಗಿ ಎಲ್ಲಿ ಮದುವೆಯಾಯಿತು ಎಂಬುದನ್ನು ಅದೇ ಸಾಲಿನ ಅಂಚಿನಲ್ಲಿ ಬರೆಯಬೇಕೆಂಬ ನಿಯಮವೂ ಇದೆ. ಹಳೆಯ ಪುಟಗಳು ಸಾಮಾನ್ಯವಾಗಿ ಲ್ಯಾಟಿನ್ನಿನಲ್ಲಿವೆ, ಆದರೆ ಹೆಸರುಗಳು ನಮ್ಮವೇ: ರಾಯಪ್ಪ, ಚಿನ್ನಪ್ಪ, ಇನ್ನಾಸಪ್ಪ, ಅಂತೋಣಪ್ಪ, ಆರೋಗ್ಯಮ್ಮ, ಜ್ಞಾನಮ್ಮ. ಜ್ಞಾನತಂದೆಯಾಗಿ ಯಾರನ್ನು ಕರೆದರು ಎಂಬುದನ್ನು ಒಂದು ತಲೆಮಾರಿನುದ್ದಕ್ಕೂ ನೋಡಿದರೆ ಯಾವ ಊರಿಗೂ ಯಾವ ಊರಿಗೂ ಹೊಕ್ಕುಬಳಕೆ ಇತ್ತು, ಯಾವ ಮನೆತನಗಳು ಒಂದನ್ನೊಂದು ನೆಚ್ಚಿಕೊಂಡಿದ್ದವು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಮದುವೆಯ ಪುಸ್ತಕ ಇನ್ನೂ ಕುತೂಹಲದ್ದು. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವುದು ನಮ್ಮ ಸೀಮೆಯಲ್ಲಿ ಜಾತಿ ಧರ್ಮ ಮೀರಿದ ರೂಢಿ. ಕಥೋಲಿಕ ಧರ್ಮಸಂಹಿತೆಗೆ ಈ ಎರಡೂ ನಿಷಿದ್ಧ ಸಂಬಂಧಗಳು, ಧರ್ಮಾಧಿಕಾರಿಗಳಿಂದ ವಿನಾಯಿತಿ ಪಡೆದರೆ ಮಾತ್ರ ಆಗಬಹುದಾದವು. ಪಡೆದ ವಿನಾಯಿತಿಯನ್ನು ಪುಸ್ತಕದಲ್ಲಿ ನಮೂದಿಸಲೇಬೇಕು. ಅಂದರೆ ಒಂದು ಊರಿನಲ್ಲಿ ಹತ್ತಿರದ ಸಂಬಂಧದ ಮದುವೆಗಳು ಎಷ್ಟಿದ್ದವು, ಯಾವಾಗ ಹೆಚ್ಚಿದವು, ಯಾವಾಗ ಕಡಿಮೆಯಾದವು ಎಂಬ ತಲೆಮಾರುಗಳ ಸಾಲು ಸಾಲು ಮಾಹಿತಿ, ಬೇರೆ ಯಾವ ಸಮುದಾಯದಲ್ಲೂ ಈ ಪರಿ ಬರಹಕ್ಕೆ ಇಳಿಯದ ಮಾಹಿತಿ, ಅಲ್ಲಿ ಕೂತಿದೆ. ಕನ್ನಡ ಸೀಮೆಯ ಬಂಧುತ್ವ ಪದ್ಧತಿಯನ್ನು ಓದುವ ಸಮಾಜಶಾಸ್ತ್ರಜ್ಞರಿಗೆ ಇದಕ್ಕಿಂತ ಗಟ್ಟಿ ಆಧಾರ ಸಿಗುವುದು ಕಷ್ಟ. ಸಾವಿನ ಪುಸ್ತಕದ ಬೆಲೆ ಕೋವಿಡ್ ಕಂಡ ತಲೆಮಾರಿಗೆ ಬಿಡಿಸಿ ಹೇಳಬೇಕಿಲ್ಲ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಾಗ, 1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗ ನಗರದ ಲೆಕ್ಕ ಒಂದಷ್ಟು ಉಳಿಯಿತು. ಹಳ್ಳಿಗಳಲ್ಲಿ ಪಟೇಲರು ಬರೆಸುತ್ತಿದ್ದ ಸಾವುಗಳ ಕಾರಣ ಬಹುಪಾಲು ಬರಿಯ ಜ್ವರ. ಊರಂಚಿನ ಚರ್ಚಿನ ಸಾವಿನ ಪುಸ್ತಕದಲ್ಲಿ ಒಂದೇ ವಾರಕ್ಕೆ ಎಷ್ಟು ಸಮಾಧಿ ತೋಡಿದರು ಎಂಬುದನ್ನು ಎಣಿಸಿದರೆ ಸಾಂಕ್ರಾಮಿಕ ಯಾವ ದಾರಿಯಲ್ಲಿ, ಎಷ್ಟು ದಿನಕ್ಕೆ ನಗರದಿಂದ ಹಳ್ಳಿಗೆ ನಡೆಯಿತು ಎಂದು ಹೇಳಬಹುದು.

ಇಂಥ ಪುಸ್ತಕಗಳಿಂದ ಒಂದು ದೇಶದ ಚರಿತ್ರೆಯೇ ತಿದ್ದಿಹೋದದ್ದಕ್ಕೆ ಪುರಾವೆ ಇದೆ. ಇಂಗ್ಲೆಂಡಿನ ರಿಗ್ಲಿ ಮತ್ತು ಸ್ಕೋಫೀಲ್ಡ್ 1981ರಲ್ಲಿ ಪ್ರಕಟಿಸಿದ ಜನಸಂಖ್ಯಾ ಚರಿತ್ರೆ 404 ಪ್ಯಾರಿಷ್‌ಗಳ ಪುಸ್ತಕಗಳನ್ನು ಆಧರಿಸಿದ್ದು. ಕೈಗಾರಿಕಾ ಕ್ರಾಂತಿಯ ಹೊತ್ತಿಗೆ ಅಲ್ಲಿನ ಜನಸಂಖ್ಯೆ ಏರಿದ್ದಕ್ಕೆ ಸಾವು ಕಡಿಮೆಯಾದದ್ದಕ್ಕಿಂತ ಮದುವೆಯ ವಯಸ್ಸು ಇಳಿದದ್ದು ದೊಡ್ಡ ಕಾರಣ ಎಂದು ಅವರು ತೋರಿಸಿದರು. ಅದಕ್ಕೂ ಮೊದಲು ಫ್ರಾನ್ಸಿನಲ್ಲಿ ಲೂಯಿ ಆನ್ರಿ ಎಂಬ ಜನಸಂಖ್ಯಾ ತಜ್ಞ ಒಂದೇ ಒಂದು ಹಳ್ಳಿಯ ಪುಸ್ತಕಗಳಿಂದ ಅಲ್ಲಿನ ಕುಟುಂಬಗಳನ್ನು ಮತ್ತೆ ಜೋಡಿಸಿ ಈ ವಿದ್ಯೆಗೆ ದಾರಿ ಮಾಡಿದ್ದ. ನನಗೆ ಇದರಲ್ಲಿ ಬಹಳ ಮುಖ್ಯವಾಗಿ ಕಾಣುವ ಸಂಗತಿ ಬೇರೆ. ಇಂಗ್ಲೆಂಡಿನ ಆ ಪ್ಯಾರಿಷ್‌ಗಳಿಗೆ ಹೋಗಿ, ತಿಂಗಳು ತಿಂಗಳಿನ ಜ್ಞಾನಸ್ನಾನ, ಮದುವೆ, ಸಮಾಧಿಗಳನ್ನು ಎಣಿಸಿ ಹಾಳೆಗಿಳಿಸಿದವರು ಸಂಬಳದ ಸಂಶೋಧಕರಲ್ಲ, ಊರೂರಿನ ಹವ್ಯಾಸಿಗಳು. ಅವರ ದುಡಿಮೆ ಇಲ್ಲದಿದ್ದರೆ ಆ ಗ್ರಂಥವೇ ಇಲ್ಲ. ನಮ್ಮಲ್ಲಿ 404 ಬೇಡ, ಬೆಂಗಳೂರಿನ ಸುತ್ತಲ ಇಪ್ಪತ್ತು ಹಳೆಯ ಧರ್ಮಕೇಂದ್ರಗಳ ಪುಸ್ತಕಗಳಾದರೂ ಹಾಗೆ ಎಣಿಕೆಗೆ ಸಿಕ್ಕರೆ ಈ ಸೀಮೆಯ ಹತ್ತೊಂಬತ್ತನೇ ಶತಮಾನದ ಬಗ್ಗೆ ನಾವು ಈಗ ಊಹೆಯಿಂದ ಹೇಳುತ್ತಿರುವ ಎಷ್ಟೋ ಮಾತುಗಳನ್ನು ಆಧಾರದಿಂದ ಹೇಳಬಹುದು.

ಚರ್ಚುಗಳಿಗೆ ಹೋಗಿ ಚಿತ್ರ ತೆಗೆಯುವವರಿಗೆ ಈಗ ಬರವಿಲ್ಲ, ಮತ್ತೇಕೆ ದಾಖಲೀಕರಣ ಎಂದು ಯಾರಾದರೂ ಕೇಳಬಹುದು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಚರ್ಚನ್ನು ನೋಡಿ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ದೇವಾಲಯ ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಗೋಡೆಗಳಾಗಿ ಉಳಿದಿದೆ. ಕರ್ನಾಟಕದಲ್ಲಿ ಅಷ್ಟು ಬಾರಿ ಕ್ಯಾಮೆರಾಗೆ ಸಿಕ್ಕ ಚರ್ಚು ಇನ್ನೊಂದಿರಲಾರದು. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬರುವ ಜೋಡಿಗಳಿಗೂ ಅದು ಗೊತ್ತು. ಆ ಗೋಡೆಗಳ ನಡುವೆ ಪೂಜೆಗೆ ಕೂರುತ್ತಿದ್ದ ಕುಟುಂಬಗಳು ಯಾವುವು, ಹಿನ್ನೀರು ಬಂದಾಗ ಅವರು ಎಲ್ಲಿಗೆ ಹೋದರು, ಅವರ ಸತ್ತವರ ಸಮಾಧಿಗಳ ಗತಿ ಏನಾಯಿತು ಎಂದು ಬರುವವರಲ್ಲಿ ಕೇಳುವವರು ವಿರಳ. ಚಿತ್ರ ಮಾತ್ರ ಇದ್ದು ಜನ ಇಲ್ಲದ ದಾಖಲೆ ಇಷ್ಟೇ ಆಗುತ್ತದೆ. ಊರಂಚಿನ ಚರ್ಚುಗಳಿಗೆ ಹೋಗುವವರು ಮುಂಭಾಗದ ಚಿತ್ರದ ಜತೆಗೆ ಗೋಡೆಯ ದಪ್ಪ ಅಳೆಯಬೇಕು, ಸುಣ್ಣದ ಗಾರೆಯೋ ಸಿಮೆಂಟೋ ನೋಡಬೇಕು, ಮದ್ರಾಸ್ ತಾರಸಿಯೋ ಮಂಗಳೂರು ಹೆಂಚೋ ಬರೆದುಕೊಳ್ಳಬೇಕು. ಗಂಟೆಯ ಮೈಮೇಲೆ ಎರಕದ ಅಕ್ಷರಗಳಿದ್ದರೆ ಓದಬೇಕು. ಅಡಿಗಲ್ಲು, ಸಮಾಧಿಕಲ್ಲುಗಳ ಬರಹವನ್ನು ಅಕ್ಷರ ಬಿಡದೆ ನಕಲು ಮಾಡಬೇಕು. ಜಾಗ ಕೊಟ್ಟವರು ಯಾರು, ಗೋಡೆ ಎಬ್ಬಿಸಿದ ಗಾರೆಯವರು ಯಾವ ಊರಿನವರು, ತೇರು ಯಾವ ಬೀದಿಗಳಲ್ಲಿ ಹೋಗುತ್ತಿತ್ತು, ತೇರಿಗೆ ಮೊದಲ ಹೂವು ಯಾರ ಮನೆಯಿಂದ ಬರುತ್ತಿತ್ತು ಎಂದು ಊರಿನ ಮುದುಕರನ್ನು ಕೂರಿಸಿಕೊಂಡು ಕೇಳಬೇಕು. ಕಟ್ಟಡಗಳ ವಿಷಯದಲ್ಲಂತೂ ಹೊತ್ತು ಮೀರುತ್ತಿದೆ. ನಗರ ಬೆಳೆದು ಜನ ಹೆಚ್ಚಿದಲ್ಲಿ ಇನ್ನೂರು ಮಂದಿ ಹಿಡಿಸುತ್ತಿದ್ದ ಹಳೆಯ ಗುಡಿ ಸಾಲದೆ, ಅದನ್ನು ಕೆಡವಿ ಸಾವಿರ ಮಂದಿಯ ಕಾಂಕ್ರೀಟ್ ದೇವಾಲಯ ಕಟ್ಟುತ್ತಾರೆ. ಭಾನುವಾರ ಬಿಸಿಲಲ್ಲಿ ಹೊರಗೆ ನಿಲ್ಲುವವರ ಕಷ್ಟ ನಿಜವಾದದ್ದು, ಆ ಅಗತ್ಯವನ್ನು ನಾನು ತಳ್ಳಿಹಾಕುವುದಿಲ್ಲ. ಕೆಡವುವ ಮುನ್ನ ಒಂದು ವಾರ ಅಳತೆಗೂ ಚಿತ್ರಕ್ಕೂ ಕೊಡುವುದು ಯಾರಿಗೂ ಹೊರೆಯಲ್ಲ.

ಇದೆಲ್ಲ ಜ್ಯೂಬಿಲಿ ಸ್ಮರಣ ಸಂಚಿಕೆಗಳಲ್ಲಿ ಬಂದಿದೆಯಲ್ಲ ಎಂಬ ಆಕ್ಷೇಪ ಚರ್ಚಿನ ಒಳಗಿನಿಂದಲೇ ಬರುತ್ತದೆ. ಆ ಸಂಚಿಕೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಷ್ಟೋ ಊರಿಗೆ ಅಚ್ಚಾಗಿ ಉಳಿದಿರುವ ಚರಿತ್ರೆ ಅದೊಂದೇ. ಆದರೆ ಅವುಗಳ ಅಚ್ಚು ಹೆಚ್ಚುಕಡಿಮೆ ಒಂದೇ: ಗಣ್ಯರ ಶುಭಾಶಯ, ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ಹೊಸ ಕಟ್ಟಡದ ವರದಿ, ದಾನಿಗಳ ಭಾವಚಿತ್ರ, ಜಾಹೀರಾತು. ಗುರುಗಳ ಪಟ್ಟಿಗೆ ಕೊರತೆಯೇ ಇಲ್ಲ. ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿಗಳ ವಾರ್ಷಿಕ ವರದಿಗಳೂ ಒಬ್ಬೊಬ್ಬರ ಜೀವನ ವಿವರವೂ ಪ್ಯಾರಿಸ್ಸಿನಲ್ಲಿ ಅವರ ಸಂಸ್ಥೆಯ ಸಂಗ್ರಹದಲ್ಲಿ ಜೋಪಾನವಾಗಿವೆ. ನೂರೈವತ್ತು ವರ್ಷದ ಹಿಂದೆ ನಮ್ಮ ಹಳ್ಳಿಯೊಂದರಲ್ಲಿ ದುಡಿದ ಪಾದ್ರಿ ಫ್ರಾನ್ಸಿನ ಯಾವ ಊರಲ್ಲಿ ಹುಟ್ಟಿದ, ಯಾವ ತಾರೀಖು ಹಡಗು ಹತ್ತಿದ ಎಂದು ಇಂದಿಗೂ ತಿಳಿಯಬಹುದು. ಅದೇ ಪಾದ್ರಿಗೆ ಕನ್ನಡ ಕಲಿಸಿದ ಉಪದೇಶಿಯ ಹೆಸರು, ಪಾದ್ರಿ ಇಲ್ಲದ ತಿಂಗಳುಗಳಲ್ಲಿ ಊರಿನ ಮಕ್ಕಳಿಗೆ ಜಪ ಹೇಳಿಕೊಟ್ಟ ಹೆಂಗಸಿನ ಹೆಸರು ಪ್ಯಾರಿಸ್ಸಿನಲ್ಲಿ ಸಿಗುವ ಸಂಭವ ತೀರ ಕಡಿಮೆ. ಅವು ಸಿಕ್ಕರೆ ಊರಿನ ದಫ್ತರದಲ್ಲಿ, ಇಲ್ಲವೇ ಎಂಬತ್ತು ದಾಟಿದ ಯಾರದೋ ನೆನಪಿನಲ್ಲಿ. ಗುರುಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಇರುವುದರಿಂದ ಊರಿನ ಬೀರುವಿನಲ್ಲಿ ಏನಿದೆ ಎಂದು ಹೊಸಬರಿಗೆ ತಿಳಿಯುವ ಹೊತ್ತಿಗೆ ಅವರೇ ಹೊರಡುವ ಕಾಲ ಬಂದಿರುತ್ತದೆ. ಗೆದ್ದಲು, ಸೋರುವ ಮಾಡು, ಬೈಂಡು ಕಿತ್ತುಹೋದ ಪುಸ್ತಕ ಯಾರ ವರ್ಗಾವಣೆಗೂ ಕಾಯುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಚರ್ಚಿಗೆ ಹೊರಗಿನವರು ಬಂದು ಲೆಕ್ಕ ಕೇಳುವುದೆಂದರೆ ಇಂದಿನ ಕರ್ನಾಟಕದಲ್ಲಿ ಅದಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ. 2021ರ ಅಕ್ಟೋಬರಿನಲ್ಲಿ ವಿಧಾನಮಂಡಲದ ಸಮಿತಿಯೊಂದು ರಾಜ್ಯದ ಚರ್ಚುಗಳ ಸಮೀಕ್ಷೆಗೆ ಸೂಚಿಸಿತು. ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾದೊ ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಆ ವರ್ಷದ ಕೊನೆಗೆ ಮತಾಂತರ ನಿಷೇಧದ ಮಸೂದೆ ವಿಧಾನಸಭೆಗೆ ಬಂತು, ಮುಂದಿನ ವರ್ಷ ಕಾಯ್ದೆಯಾಯಿತು. ಹೀಗಿರುವಾಗ ಒಬ್ಬ ಅಪರಿಚಿತ ಕ್ಯಾಮೆರಾ ಹಿಡಿದು ಬಂದು ಹಳೆಯ ಜ್ಞಾನಸ್ನಾನದ ಪುಸ್ತಕ ತೋರಿಸಿ ಎಂದರೆ ಗುರುಗಳು ಬಾಗಿಲು ಹಾಕಿಕೊಳ್ಳುವುದು ಸಹಜ. ಆ ಭಯವನ್ನು ಅತಿರೇಕ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಯಾದಿ ಮಾಡುವುದು ಯಾವಾಗಲೂ ನಿರಪಾಯಕಾರಿ ಕೆಲಸವಲ್ಲ, ಯಾದಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದರ ಗುಣ ನಿಂತಿದೆ. ಹಾಗಾಗಿ ನಾನು ಹೇಳುವ ಕೆಲಸಕ್ಕೂ ಸರ್ಕಾರದ ಸಮೀಕ್ಷೆಗೂ ನಡುವೆ ಗೆರೆ ಸ್ಪಷ್ಟವಾಗಿರಬೇಕು. ಸಮೀಕ್ಷೆ ಇಂದಿನ ಜನರನ್ನು ಎಣಿಸುತ್ತದೆ, ಒಪ್ಪಿಗೆ ಕೇಳುವುದಿಲ್ಲ, ಬರೆದದ್ದನ್ನು ಮೇಲಿನ ಕಚೇರಿಗೆ ಒಯ್ಯುತ್ತದೆ. ಚರಿತ್ರೆಯ ದಾಖಲೆ ತೀರಿಹೋದವರಿಂದ ಶುರುವಾಗಬೇಕು, ಧರ್ಮಕೇಂದ್ರದ ಒಪ್ಪಿಗೆಯಿಂದ ನಡೆಯಬೇಕು, ಅದರ ಮೊದಲ ಪ್ರತಿ ಆ ಊರಿನಲ್ಲೇ ಉಳಿಯಬೇಕು. ಈ ಭಯವೇ ದಾಖಲೀಕರಣದ ಪರವಾಗಿಯೂ ಒಂದು ಮಾತು ಹೇಳುತ್ತದೆ. ನೀವು ಎಲ್ಲಿಂದ ಬಂದವರು ಎಂದು ಒಂದು ಸಮುದಾಯವನ್ನು ಮತ್ತೆ ಮತ್ತೆ ಕೇಳುವ ಕಾಲದಲ್ಲಿ, ಆರು ತಲೆಮಾರುಗಳಿಂದ ಇದೇ ಮಣ್ಣಿನಲ್ಲಿ ರಾಗಿ ಬೆಳೆದವರ ಹೆಸರುಗಳು ಊರಿನ ಪುಸ್ತಕದಲ್ಲೇ ಇವೆ ಎಂಬುದು ಸಣ್ಣ ಸಂಗತಿಯಲ್ಲ.

ಒಂದು ಧರ್ಮದ ದಾಖಲೆಗೆ ಸಾರ್ವಜನಿಕರು ಏಕೆ ಶ್ರಮ ಹಾಕಬೇಕು, ಚರ್ಚೇ ಮಾಡಿಕೊಳ್ಳಲಿ ಎನ್ನುವವರೂ ಇದ್ದಾರೆ. ಚರ್ಚು ಮಾಡಬೇಕೆಂಬುದು ಸರಿಯೇ. ತನ್ನ ಸಾಂಸ್ಕೃತಿಕ ಆಸ್ತಿಯ ಯಾದಿ ಮಾಡುವುದು ಅಗತ್ಯವೂ ತುರ್ತೂ ಆದ ಕೆಲಸ ಎಂದು ವ್ಯಾಟಿಕನ್ನಿನ ಆಯೋಗವೇ 1999ರ ಡಿಸೆಂಬರಿನಲ್ಲಿ ಜಗತ್ತಿನ ಧರ್ಮಾಧ್ಯಕ್ಷರಿಗೆಲ್ಲ ಪತ್ರ ಬರೆದಿದೆ. ಅದಕ್ಕೂ ಎರಡು ವರ್ಷ ಮುಂಚೆ ದಫ್ತರಗಳ ರಕ್ಷಣೆಯ ಬಗ್ಗೆ ಬೇರೆಯೇ ಸುತ್ತೋಲೆ ಬಂದಿತ್ತು. ಅಂದರೆ ಗುರುಗಳಿಗೆ ಇದು ಹೊರಗಿನವರ ಹಟವಲ್ಲ, ಅವರದೇ ಮೇಲಿನವರು ಹೇಳಿದ ಕೆಲಸ. ಹಾಗೆಂದು ಬೇರೆಯವರ ಪಾಲು ಇಲ್ಲವಾಗುವುದಿಲ್ಲ. ಇದೇ ಬೆಂಗಳೂರಿನ ಸುತ್ತಲ ಶಾಸನಗಳನ್ನು ಹುಡುಕಿ ಉಳಿಸಿದವರು ಯಾರು? ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೇ ಸಂಪುಟ ಹಿಡಿದು, ಮೋರಿ ದಡದಲ್ಲಿ, ಅಪಾರ್ಟ್‌ಮೆಂಟಿನ ಹಿತ್ತಲಲ್ಲಿ, ಕೆಡವಿದ ಗುಡಿಯ ಅವಶೇಷದಲ್ಲಿ ಕಲ್ಲು ಹುಡುಕಿದವರು ಬೇರೆ ಬೇರೆ ಉದ್ಯೋಗದಲ್ಲಿದ್ದ ನಾಗರಿಕರು. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಎಂಟನೇ ಶತಮಾನದ ಕಿಟ್ಟಯ್ಯನ ವೀರಗಲ್ಲಿಗೆ ಇಂದು ನೆರಳಿದೆ, ಅದರ ಓದು ನಮಗೆ ದಕ್ಕಿದೆ. ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಟ್ಟಿದೆ. ಆ ಶಾಸನಗಳಲ್ಲಿ ಎಷ್ಟೋ ಶೈವ ವೈಷ್ಣವ ದೇವಾಲಯಗಳಿಗೆ ಬಿಟ್ಟ ದತ್ತಿಯ ಕಲ್ಲುಗಳು. ಅವನ್ನು ಉಳಿಸುವಾಗ ನಾವು ಯಾರೂ ಇದು ಆ ದೇವಸ್ಥಾನದ ಭಕ್ತರ ಕೆಲಸ ಎನ್ನಲಿಲ್ಲ, ಕನ್ನಡದ ಕೆಲಸ ಎಂದೆವು. ಚರ್ಚಿನ ಅಂಗಳದಲ್ಲಿ ಮಸುಕಾದ ಸಮಾಧಿಕಲ್ಲಿನ ಮೇಲಿನ ಕನ್ನಡ ಬರಹವೂ ಅದೇ ಲೆಕ್ಕಕ್ಕೆ ಸೇರಬೇಕು.

ಈ ದಫ್ತರಗಳ ಒಳಗಿರುವುದೆಲ್ಲ ಹೆಮ್ಮೆಯ ಸಂಗತಿಯೇ ಆಗಿರುವುದಿಲ್ಲ. ಕ್ಷಾಮದ ಕಾಲದಲ್ಲಿ ಹಸಿದ ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟದ್ದನ್ನು ಅಂದಿನಿಂದಲೂ ಪ್ರಶ್ನಿಸಿದವರಿದ್ದಾರೆ. ಅನ್ನ ಕೊಟ್ಟು ಧರ್ಮ ಕೊಂಡರು ಎನ್ನುವವರಿಗೂ ಸಾಯುವ ಮಗುವನ್ನು ಎತ್ತಿಕೊಂಡರು ಎನ್ನುವವರಿಗೂ ಇಂದು ಸಾಕ್ಷ್ಯ ಒಂದೇ ಕಡೆ ಇದೆ. ಎಷ್ಟು ಮಕ್ಕಳಿಗೆ ಸಾವಿನ ಅಂಚಿನಲ್ಲಿ ಜ್ಞಾನಸ್ನಾನವಾಯಿತು, ಎಷ್ಟು ಮಕ್ಕಳು ವರ್ಷಗಳ ನಂತರ ಪಡೆದರು, ಎಷ್ಟು ಮಂದಿ ಹಿಂದಿರುಗಿದರು ಎಂಬುದನ್ನು ಪುಸ್ತಕ ತೆರೆದು ಎಣಿಸದೆ ಎರಡೂ ಕಡೆಯವರು ಮಾತಾಡುವುದು ಸತ್ತವರಿಗೆ ಮಾಡುವ ಅನ್ಯಾಯ. ಜಾತಿಯ ವಿಷಯವೂ ಹಾಗೆಯೇ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಸಮ್ಮೇಳನ 2016ರಲ್ಲಿ ಹೊರತಂದ ದಲಿತ ಸಬಲೀಕರಣ ನೀತಿ ಚರ್ಚಿನೊಳಗೂ ಅಸ್ಪೃಶ್ಯತೆಯ ಆಚರಣೆ ಇದೆ ಎಂದು ಒಪ್ಪಿಕೊಂಡಿದೆ. ಹಳೆಯ ಪುಸ್ತಕದಲ್ಲಿ ಹೆಸರಿನ ಪಕ್ಕ ಜಾತಿ ಬರೆದಿದ್ದರೆ, ಸ್ಮಶಾನದ ನಡುವೆ ಎಂದೋ ಎದ್ದ ಗೋಡೆಯ ಗುರುತಿದ್ದರೆ, ದಾಖಲಿಸುವವನು ಅದನ್ನು ಬಿಟ್ಟು ಮುಂದೆ ಹೋಗಕೂಡದು. ಭಾಷೆಯ ಜಗಳವನ್ನೂ ಮುಚ್ಚಿಡಬಾರದು. 1963ರಲ್ಲಿ ಎರಡನೇ ವ್ಯಾಟಿಕನ್ ಸಮ್ಮೇಳನ ಪೂಜೆಗೆ ದೇಶಭಾಷೆಗಳ ಬಾಗಿಲು ತೆರೆದ ಮೇಲೆ ಬೆಂಗಳೂರಿನಲ್ಲಿ ಯಾವ ದೇಶಭಾಷೆ ಎಂಬ ಪ್ರಶ್ನೆ ಎದ್ದಿತು. ಕನ್ನಡ, ತಮಿಳು, ಕೊಂಕಣಿ ಆಡುವವರ ನಡುವೆ ದಶಕಗಳ ಕಾಲ ಕಹಿ ಬೆಳೆಯಿತು, ಬೀದಿಗೂ ಬಂತು. ಕನ್ನಡ ಕಥೋಲಿಕರು ತಮ್ಮ ನೆಲದಲ್ಲೇ ತಮ್ಮ ಭಾಷೆಯ ಪೂಜೆಗೆ ಹೋರಾಡಬೇಕಾಯಿತು ಎಂಬುದು ಕನ್ನಡ ಚಳವಳಿಯ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಜಾಗ ಪಡೆದಿಲ್ಲ. ತಲೆಮಾರುಗಳಿಂದ ಇಲ್ಲೇ ಇರುವ ತಮಿಳು ಕಥೋಲಿಕರಿಗೂ ತಮ್ಮ ಹಾಡು ತಮ್ಮ ಗುಡಿಯಲ್ಲಿ ನಿಂತುಹೋದೀತೆಂಬ ಅಳಲು ಇತ್ತು. ಎರಡನ್ನೂ ಬರೆಯಬೇಕು.

ಹಳೆಯ ಹಳ್ಳಿಗಳ ಜತೆಗೆ ಹೊಸ ಉಪನಗರಗಳ ಧರ್ಮಕೇಂದ್ರಗಳೂ ಈ ಯಾದಿಯಲ್ಲಿರಬೇಕು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐಟಿಐ, ಐವತ್ತರ ದಶಕದಲ್ಲಿ ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್ ಬಂದಾಗ ಕೇರಳ, ಮಂಗಳೂರು, ತಮಿಳು ಸೀಮೆಯಿಂದ ಬಂದ ಕೆಲಸಗಾರರು ಊರಂಚಿನಲ್ಲಿ ಬೇರೂರಿದರು. ಅವರ ಭಾಷೆ ಬೇರೆ, ಕೇರಳದ ಸಿರೋ ಮಲಬಾರ್ ಪಂಥದವರಿಗೆ ಪೂಜಾವಿಧಿಯೇ ಬೇರೆ. ಇಂದು ಒಂದೇ ದೇವಾಲಯದ ಬಾಗಿಲ ಫಲಕದಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ, ಮಲಯಾಳಂ ಪೂಜೆಗಳ ವೇಳೆ ಬೇರೆ ಬೇರೆಯಾಗಿ ಬರೆದಿರುವುದನ್ನು ಕಾಣಬಹುದು. ಯಾವ ವರ್ಷ ಯಾವ ಭಾಷೆಯ ಪೂಜೆ ಸೇರಿತು, ಯಾವುದು ಬೆಳಗಿನಿಂದ ಸಂಜೆಗೆ ಹೋಯಿತು ಎಂಬುದನ್ನು ಹಳೆಯ ನೋಟಿಸುಗಳಿಂದ ಕಲೆಹಾಕಿದರೆ ಈ ನಗರಕ್ಕೆ ಯಾರು ಯಾವಾಗ ಬಂದರು ಎಂಬುದರ ನಂಬಲರ್ಹವಾದ ಚರಿತ್ರೆ ಸಿಗುತ್ತದೆ. ನೋಟಿಸುಗಳನ್ನು ಯಾರೂ ಜೋಪಾನ ಮಾಡುವುದಿಲ್ಲ, ಹಾಗಾಗಿ ಅವೇ ಮೊದಲು ಕಳೆಯುತ್ತವೆ.

ಖಾಸಗಿತನದ ಪ್ರಶ್ನೆಗೆ ಉತ್ತರ ಕಷ್ಟದ್ದಲ್ಲ. ನೂರು ವರ್ಷಕ್ಕಿಂತ ಈಚಿನ ಜ್ಞಾನಸ್ನಾನದ ಪುಸ್ತಕವನ್ನೂ ಎಪ್ಪತ್ತೈದು ವರ್ಷಕ್ಕಿಂತ ಈಚಿನ ಮದುವೆಯ ಪುಸ್ತಕವನ್ನೂ ಮುಟ್ಟದಿದ್ದರಾಯಿತು. ವಿನಾಯಿತಿಯ ನಮೂದುಗಳಲ್ಲಿ ಮನೆತನಗಳ ಗುಟ್ಟು ಇರಬಹುದಾದ್ದರಿಂದ ಅವನ್ನು ಸಂಖ್ಯೆಯಾಗಿ ಮಾತ್ರ ಪ್ರಕಟಿಸಬೇಕು. ಅಪ್ಪನ ಹೆಸರಿಲ್ಲದ ಮಕ್ಕಳ ನಮೂದುಗಳಿಗೂ ಇದೇ ನಿಯಮ. ಕೆಲಸ ಯಾರು ಮಾಡಬೇಕೆಂದರೆ, ನಗರದ ಪದವಿ ಕಾಲೇಜುಗಳ ಇತಿಹಾಸ ವಿಭಾಗಗಳಿವೆ, ವಾಸ್ತುಶಿಲ್ಪ ಕಾಲೇಜುಗಳಿವೆ. ಕಟ್ಟಡ ಅಳೆದು ನಕ್ಷೆ ಬರೆಯುವುದು ಅಲ್ಲಿನ ವಿದ್ಯಾರ್ಥಿಗಳಿಗೆ ಪಠ್ಯದ ಭಾಗವೇ. ಲ್ಯಾಟಿನ್ ಓದಬಲ್ಲವರು ಬೆಂಗಳೂರಿನಲ್ಲಿರುವಷ್ಟು ದೇಶದ ಬೇರೆ ನಗರಗಳಲ್ಲಿ ಸಿಗುವುದು ಅಪರೂಪ, ಅಷ್ಟು ಗುರುಮಠಗಳು ಇಲ್ಲಿವೆ. ಸಿಲ್ವೆಪುರದ ಸುತ್ತಲೇ ಹಲವು ಇವೆ. ಧರ್ಮಕೇಂದ್ರದ ಯುವಕ ಯುವತಿಯರಿಗೆ ಊರಿನ ಅಜ್ಜಿಯರನ್ನು ಮಾತಾಡಿಸಲು ಯಾರ ಪರಿಚಯ ಪತ್ರವೂ ಬೇಡ. ತೆಗೆದ ಚಿತ್ರಗಳ ಒಂದು ಪ್ರತಿ ಊರಲ್ಲಿ, ಒಂದು ಮಹಾಧರ್ಮಕ್ಷೇತ್ರದ ದಫ್ತರದಲ್ಲಿ ಇರಬೇಕು. ಧರ್ಮಕೇಂದ್ರ ಒಪ್ಪಿದ ಭಾಗ ಮಾತ್ರ ರಾಜ್ಯ ಪತ್ರಾಗಾರಕ್ಕೋ ಒಂದು ವಿಶ್ವವಿದ್ಯಾಲಯಕ್ಕೋ ಹೋಗಬೇಕು.

ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂದರೆ ಸಾವಿನ ಪುಸ್ತಕಗಳನ್ನು ಎನ್ನುತ್ತೇನೆ. ಅವುಗಳಲ್ಲಿ ಗುಟ್ಟುಗಳು ಕಡಿಮೆ, ನಮೂದುಗಳು ಚಿಕ್ಕವು, ಜ್ಞಾನಸ್ನಾನದ ಪತ್ರ ಕೇಳಿಕೊಂಡು ಬರುವಂತೆ ಅವನ್ನು ಕೇಳಿಕೊಂಡು ಬರುವವರಿಲ್ಲದ್ದರಿಂದ ಬೀರುವಿನ ತಳ ಸೇರಿ ಹೆಚ್ಚು ಹಾಳಾಗಿರುವವೂ ಅವೇ. ಮಹಾಕ್ಷಾಮ ಶುರುವಾಗಿ 2026ಕ್ಕೆ ನೂರೈವತ್ತು ವರ್ಷ. ಸಿಲ್ವೆಪುರ, ಮರಿಯಾಪುರಗಳಿಂದ ಹೊರಟು 1876ರಿಂದ 1920ರವರೆಗಿನ ಸಾವಿನ ಪುಸ್ತಕಗಳಲ್ಲಿ ಉಳಿದಿರುವಷ್ಟನ್ನು ಚಿತ್ರ ತೆಗೆದು ಎಣಿಸಿದರೆ ಕ್ಷಾಮ, ಪ್ಲೇಗು, ಇನ್‌ಫ್ಲುಯೆಂಜಾ ಮೂರೂ ಒಂದೇ ಯಾದಿಯಲ್ಲಿ ಬರುತ್ತವೆ. ಬೆಂಗಳೂರು ಧರ್ಮಕ್ಷೇತ್ರಕ್ಕೆ ನೂರು ತುಂಬುವುದು 2040ರಲ್ಲಿ. ಆಗ ತರುವ ಶತಮಾನೋತ್ಸವ ಸಂಚಿಕೆಯಲ್ಲಿ ಗುರುಗಳ ಪಟ್ಟಿಯ ಪಕ್ಕದಲ್ಲಿ ಊರಿನವರ ಪಟ್ಟಿಯೂ ಇರಬೇಕೆಂದರೆ ದಫ್ತರದ ಬೀರುವನ್ನು ಈ ವರ್ಷವೇ ತೆರೆಯಬೇಕು.